ಹಾಳು ವಾಚಿನ ಗಾಜು, ಗಾಮಾ ಸ್ಫೋಟದ ಬೆಳಕು

1999ರ ನನ್ನ ಡೈರಿಯ ಕೊನೆಯ ಪುಟದಲ್ಲಿ ಒಂದು ಪ್ರಶ್ನೆ ಇದೆ. ಅದರ ಕೆಳಗೆ ಗೆರೆಗಳ ಗುಂಪು: ನಾಲ್ಕು ನಿಂತ ಗೆರೆ, ಐದನೆಯದು ಅಡ್ಡ. ಪ್ರಶ್ನೆ ನನ್ನದಲ್ಲ. "ಇದರಿಂದ ಏನು ಉಪಯೋಗ?" ಎಂದು ಯಾರಾದರೂ ಕೇಳಿದ ದಿನ ಸಂಜೆ ಮಸ್ಕಿಗೆ ಮರಳಿ, ಕೈಕಾಲು ತೊಳೆದು, ಒಂದು ಗೆರೆ ಎಳೆಯುತ್ತಿದ್ದೆ. ಮಳೆಗಾಲ ಮುಗಿಯುವ ಹೊತ್ತಿಗೆ ಆ ಪುಟ ಸಾಲದೆ ರಟ್ಟಿನ ಒಳಮೈಗೂ ಗೆರೆಗಳು ಹತ್ತಿದ್ದವು.

ಆಗ ನಾನು ಬಿ.ಎಸ್ಸಿ. ಕೊನೆಯ ವರ್ಷದಲ್ಲಿದ್ದೆ. ಮಸ್ಕಿಯಿಂದ ಸಿಂಧನೂರಿನ ಕಾಲೇಜಿಗೆ ದಿನಾ ಬಸ್ಸು. ಬಸ್ಸು ಬೇಗ ಮುಟ್ಟಿದ ದಿನ ಕಾಲೇಜಿನ ವಾಚನಾಲಯದಲ್ಲಿ ಕೂತು ಇಂಗ್ಲಿಷ್ ಪತ್ರಿಕೆಯ ವಿಜ್ಞಾನದ ಪುಟ ಓದುತ್ತಿದ್ದೆ. ಪದಗಳು ಅರ್ಧ ತಿಳಿಯುತ್ತಿದ್ದವು, ಅರ್ಧವನ್ನು ಡೈರಿಗೆ ಬರೆದುಕೊಂಡು ನಿಘಂಟಿನಲ್ಲಿ ಹುಡುಕುತ್ತಿದ್ದೆ. ಆ ಮಳೆಗಾಲದಲ್ಲಿ ಅಂಗೈಯಗಲದ ಒಂದು ಸುದ್ದಿ ಕಣ್ಣಿಗೆ ಬಿತ್ತು.

ಆಕಾಶದಲ್ಲಿ, ನಮ್ಮ ಗ್ಯಾಲಕ್ಸಿಗೂ ಬಹಳ ಆಚೆ, ಕೆಲವೇ ಸೆಕೆಂಡು ಗಾಮಾ ಕಿರಣಗಳು ಸಿಡಿದು ನಿಂತುಬಿಡುತ್ತವೆ. ಅದರ ಹಿಂದೆ ಹೆಚ್ಚುಕಡಿಮೆ ಬೆಳಕಿನ ವೇಗದಲ್ಲೇ ಚಿಮ್ಮುವ ಕಿರಿದಾದ ಧಾರೆ ಇರಬೇಕೆಂದು ತಿಳಿದವರ ಊಹೆ. ಅದಕ್ಕೆ ಜೆಟ್ ಎನ್ನುತ್ತಾರೆ. ಸಿಡಿತ ನಿಂತ ಮೇಲೂ ಕೆಲವು ದಿನ ಒಂದು ಮಂದ ಬೆಳಕು ಆ ಜಾಗದಲ್ಲಿ ಉಳಿಯುತ್ತದೆ. ಅಂಥ ಒಂದು ಬೆಳಕನ್ನು ದೊಡ್ಡ ದೂರದರ್ಶಕದಲ್ಲಿ ಹಿಡಿದು, ಅದು ತುಸು ಧ್ರುವೀಕೃತವಾಗಿದೆ ಎಂದು ಕಂಡುಕೊಂಡಿದ್ದರು. ಎಂದರೆ ಅದರ ಕಂಪನಗಳು ಎಲ್ಲ ದಿಕ್ಕಿಗೂ ಸಮನಾಗಿ ಹಂಚಿಲ್ಲ, ಒಂದು ದಿಕ್ಕಿಗೆ ಒಂದಿಷ್ಟು ಹೆಚ್ಚು ವಾಲಿವೆ. ಎಷ್ಟು ಹೆಚ್ಚು? ನೂರಕ್ಕೆ ಎರಡು ಪಾಲೂ ಇಲ್ಲ. ಅಂಥ ಬೆಳಕು ಯಾವ ದಿಕ್ಕಿಗೆ ವಾಲಬೇಕೆಂಬುದನ್ನು ಅದು ಹುಟ್ಟಿದ ಜಾಗದ ಕಾಂತಕ್ಷೇತ್ರವೇ ಗೊತ್ತುಮಾಡುತ್ತದೆ. ಆ ಚೂರು ವಾಲುವಿಕೆಯಿಂದ ಜೆಟ್ಟಿನೊಳಗಿನ ಕಾಂತಕ್ಷೇತ್ರ ಸಾಲಾಗಿ ನಿಂತಿದೆಯೋ, ಸಿಕ್ಕುಗಟ್ಟಿದೆಯೋ ಎಂದು ಹೇಳಲು ಹೊರಟಿದ್ದರು.

ಆ ಸುದ್ದಿಯನ್ನು ನಿಂತುಕೊಂಡೇ ಮೂರು ಸಲ ಓದಿದೆ. ಯಾರೂ ಹೋಗಲಾರದ, ಯಾವ ದೂರದರ್ಶಕಕ್ಕೂ ಕಾಣದ ಜಾಗದೊಳಗೆ ಏನು ಹೇಗೆ ಜೋಡಿಸಿಕೊಂಡಿದೆ ಎಂಬುದನ್ನು ಒಂದು ಚುಕ್ಕಿ ಬೆಳಕನ್ನು ಗಾಜಿನ ಹಿಂದೆ ತಿರುಗಿಸಿ ನೋಡಿ ತಿಳಿಯಬಹುದು ಎಂದರೆ ನಂಬಲು ಆಗಲಿಲ್ಲ. ಇದನ್ನು ನನ್ನ ಕೈಯಿಂದ ಮಾಡಿ ನೋಡಬೇಕು ಅನ್ನಿಸಿತು.

ಅದೇ ವಾರ ನಮ್ಮ ಭೌತಶಾಸ್ತ್ರದ ಅಧ್ಯಾಪಕರು ಡಿಸೆಂಬರಿನ ವಿಚಾರಗೋಷ್ಠಿಯ ವಿಷಯ ಕೇಳಿದರು. ಒಬ್ಬೊಬ್ಬರೂ ಒಂದು ವಿಷಯ ಆರಿಸಿಕೊಂಡು ಪ್ರಯೋಗ ಮಾಡಿ ತೋರಿಸಬೇಕು. ಒಂದನೆಯ ಸ್ಥಾನ ಬಂದವರ ಹೆಸರನ್ನು ವಿಶ್ವವಿದ್ಯಾಲಯದ ಬೇಸಿಗೆ ಶಿಬಿರಕ್ಕೆ ಕಳಿಸುತ್ತಾರೆ. ಕಾಲೇಜಿಗೆ ಒಂದೇ ಸೀಟು. ಅಲ್ಲಿ ನಿಜವಾದ ದೂರದರ್ಶಕ ಇದೆ ಎಂದು ಕೇಳಿದ್ದೆ. ಅಲ್ಲಿಯತನಕ ನಾನು ದೂರದರ್ಶಕವನ್ನು ಚಿತ್ರದಲ್ಲಿ ಮಾತ್ರ ನೋಡಿದ್ದೆ. ಆ ಸೀಟು ನನಗೆ ಬೇಕಿತ್ತು, ಬಹಳ ಬೇಕಿತ್ತು.

ನನ್ನ ಚೀಟಿ ಓದಿ ಅಧ್ಯಾಪಕರು ಕನ್ನಡಕ ತೆಗೆದರು. "ಏನವ್ವ ಇದು, ಗಾಮಾ ಸ್ಫೋಟ? ಯಾವೂರಾಗ ಆಗೇತಿ?"

ತರಗತಿ ನಕ್ಕಿತು. "ಊರಿಲ್ರಿ ಸರ್. ನಮ್ಮ ಗ್ಯಾಲಕ್ಸಿ ದಾಟಿ ಆಚೀಕ ಆಗೇತ್ರಿ" ಎಂದೆ.

"ಮಸ್ಕಿ ದಾಟಿ ಸಿಂಧನೂರಿಗೆ ಬಂದದ್ದ ದೊಡ್ಡದಾಗೇತಿ, ಇಕಿ ಗ್ಯಾಲಕ್ಸಿ ದಾಟತಾಳಂತ!"

ತರಗತಿ ಮುಗಿದ ಮೇಲೆ ಕರೆದು ಮೆತ್ತಗೆ ಹೇಳಿದರು. ಅವರು ಕೆಟ್ಟವರಲ್ಲ. "ನೋಡವ್ವ, ಕಾಲುವಿ ನೀರು ನಿಂತು ನಿಂತು ನೆಲ ಸವಳಾಗಾಕತ್ತೈತಿ. ಆ ಮಣ್ಣು, ಆ ನೀರು ತಂದು ಉಪ್ಪು ಅಳಿ. ಮಂದಿಗೆ ಉಪಯೋಗ ಆಕ್ಕತಿ. ಹಂಗ ಮಾಡಿದಿ ಅಂದ್ರ ಸೀಟು ನಿಂದು, ಅದು ನನ್ನ ಮಾತು. ಇದರಿಂದ ಏನು ಉಪಯೋಗ, ಹೇಳು?"

"ಸವಳಿನ ಪ್ರಯೋಗ ನನ್ನ ಗೆಳತಿ ಮಾಡಾಕತ್ತಾಳ್ರಿ. ಚೊಲೋ ಮಾಡತಾಳ. ನಾ ಇದನ್ನ ಮಾಡತೀನ್ರಿ."

ಅಂದು ಸಂಜೆ ಒಂದು ಗೆರೆ. ಸವಳಿನ ಪ್ರಶ್ನೆ ಸಣ್ಣದು ಎಂದು ನಾನು ಯಾವತ್ತೂ ಅಂದುಕೊಂಡವಳಲ್ಲ. ಉಪ್ಪು ಹಿಡಿದ ಗದ್ದೆಯಲ್ಲಿ ಕೆಲಸ ಮಾಡಿ ಬಂದ ಅವ್ವನ ಕಾಲಿನ ಬಿರುಕುಗಳನ್ನು ನೋಡಿಕೊಂಡೇ ಬೆಳೆದಿದ್ದೇನೆ. ನನಗೆ ಸಿಟ್ಟು ಬಂದದ್ದು ಬೇರೆ ಮಾತಿಗೆ. ನಮ್ಮ ಕಡೆಯವರು ಹೊಲದ ಬದುವಿನ ಈಚೆಗೇ ಪ್ರಶ್ನೆ ಕೇಳಬೇಕು, ಆಚೆಗಿನದನ್ನು ಬೇರೆ ಯಾರೋ ಕೇಳುತ್ತಾರೆ ಎಂದು ಹಂಚಿಕೆ ಮಾಡಿದವರು ಯಾರು? ಆ ಹಂಚಿಕೆಗೆ ನಾನು ಒಪ್ಪಿಗೆ ಕೊಟ್ಟಿರಲಿಲ್ಲ.

ನನ್ನ ಯೋಜನೆ ಸರಳವಾಗಿತ್ತು. ಧ್ರುವೀಕರಿಸುವ ತೆಳು ಹಾಳೆಯ ಸಣ್ಣ ಸಣ್ಣ ಪಟ್ಟಿಗಳನ್ನು ಒಂದು ಗಾಜಿನ ಮೇಲೆ ಒಂದೇ ದಿಕ್ಕಿಗೆ ಅಂಟಿಸುವುದು. ಇನ್ನೊಂದು ಗಾಜಿನ ಮೇಲೆ ಅಂಥವೇ ಪಟ್ಟಿಗಳನ್ನು ದಿಕ್ಕುದೆಸೆ ಇಲ್ಲದಂತೆ ಅಂಟಿಸುವುದು. ಎರಡರ ಹಿಂದೆಯೂ ಬಲ್ಬು ಇಟ್ಟು ಕಾಲೇಜಿನ ಉದ್ದ ವರಾಂಡದ ಒಂದು ತುದಿಯಲ್ಲಿ ನಿಲ್ಲಿಸಿ, ಇನ್ನೊಂದು ತುದಿಯಿಂದ ನೋಡಿದರೆ ಪಟ್ಟಿಗಳು ಕಾಣುವುದಿಲ್ಲ, ಒಂದೊಂದು ಬೆಳಕಿನ ಚುಕ್ಕಿ ಕಾಣುತ್ತದೆ, ಅಷ್ಟೆ. ಈಗ ಕಣ್ಣಿನ ಮುಂದೆ ಧ್ರುವೀಕರಿಸುವ ಗಾಜು ಹಿಡಿದು ತಿರುಗಿಸಬೇಕು. ಸಾಲಾಗಿರುವುದು ಒಮ್ಮೆ ಬೆಳಗಿ ಒಮ್ಮೆ ಆರುತ್ತದೆ. ಸಿಕ್ಕಾಗಿರುವುದು ಹೇಗೆ ತಿರುಗಿಸಿದರೂ ಹಾಗೆಯೇ ಇರುತ್ತದೆ. ಕಣ್ಣಿಗೆ ಕಾಣದ ಜೋಡಣೆಯನ್ನು ದೂರದಿಂದಲೇ ಹೇಳಬಹುದು.

ಕಣ್ಣಿನ ಮುಂದೆ ಹಿಡಿಯುವ ಗಾಜು ಸಿಂಧನೂರಿನ ಬಸ್‌ಸ್ಟ್ಯಾಂಡ್ ಹತ್ತಿರದ ಫೋಟೋ ಸ್ಟುಡಿಯೋದಲ್ಲಿ ಸಿಕ್ಕಿತು. ಅದರ ಮಾಲೀಕರನ್ನು ಎಲ್ಲರೂ ಚಾಚಾ ಎನ್ನುತ್ತಿದ್ದರು. ಅವರ ಕಪಾಟಿನಲ್ಲಿ ಕ್ಯಾಮೆರಾ ಮುಂದೆ ಹಾಕುವ ಒಂದು ಫಿಲ್ಟರ್ ಡಬ್ಬಿ ಸಮೇತ ಹೊಸದರಂತೆಯೇ ಇತ್ತು.

"ಯಾಕ ಬಳಸಿಲ್ರಿ ಚಾಚಾ?"

"ಹೈದರಾಬಾದಿನಿಂದ ತಂದೀನಿ ಬೇಟಾ, ಶೋಕಿಗೆ. ಗದ್ದ್ಯಾಗಿನ ನೀರು ಹೊಳಿತೈತಲ್ಲ, ಆ ಹೊಳಪು ತಗದು ಒಗಿತೈತಿ. ಆದ್ರ ಇಲ್ಲಿ ಮಂದಿಗೆ ಹೊಳಪ ಬೇಕು. ನೀರು ಹೊಳಿಲಿಲ್ಲಂದ್ರ 'ಏನ್ ಚಾಚಾ, ನಮ್ಮ ಗದ್ದಿಗೆ ಕಾಲುವಿ ಬಂದಿಲ್ಲೇನು' ಅಂತ ಜಗಳಕ್ಕ ಬರ್ತಾರ!"

ಡಿಸೆಂಬರಿನ ತನಕ ಇಟ್ಟುಕೋ ಎಂದು ಕೊಟ್ಟರು. ಬಾಗಿಲ ತನಕ ಬಂದು ಬೆರಳು ತೋರಿಸಿದರು. "ಗೀರು ಬಿದ್ರ ನಿನ್ನ ಮದುವಿ ಫೋಟೋ ನಾ ತಗಿಯಂಗಿಲ್ಲ, ನೋಡು."

"ಹಂಗಾದ್ರ ಈಗ ಒಂದು ಗೀರು ಎಳೀತೀನಿ ತಡೀರಿ ಚಾಚಾ."

ಅವರ ನಗು ರಸ್ತೆಯ ಆಚೆ ತನಕ ಕೇಳಿತು.

ಪಟ್ಟಿಗಳಿಗಾಗಿ ಲಿಂಗಸುಗೂರಿಗೆ ಹೋದೆ. ಅಂಕಿ ತೋರಿಸುವ ಅಗ್ಗದ ಕೈಗಡಿಯಾರಗಳ ಮುಖದ ಮೇಲೆ ಬೇಕಾದ ಹಾಳೆ ಇರುತ್ತದೆ ಎಂದು ಓದಿದ್ದೆ. ವಾಚು ರಿಪೇರಿ ಮಾಡುವವರ ಹತ್ತಿರ ಕೆಟ್ಟುಹೋದವು ಒಂದು ಬಿಸ್ಕತ್ತಿನ ಡಬ್ಬಿ ತುಂಬ ಇದ್ದವು. "ನಡಿಯೋ ವಾಚ್ ಕೇಳ್ತಾರ ಮಂದಿ, ನೀ ಸತ್ತವ್ನ ಕೇಳ್ತಿಯಲ್ಲ ತಂಗಿ" ಎಂದು ಡಬ್ಬಿಯನ್ನೇ ನನ್ನ ಮುಂದೆ ಸುರಿದರು. ಮನೆಗೆ ತಂದು ಬ್ಲೇಡಿನಿಂದ ಹಾಳೆ ಬಿಡಿಸಿದೆ. ಹಿಂದಿನ ಹಾಳೆಗೆ ಬೆಳ್ಳಿಬಣ್ಣದ ಕಾಗದ ಅಂಟಿರುತ್ತದೆ, ಅದರಲ್ಲಿ ಬೆಳಕು ದಾಟುವುದಿಲ್ಲ; ಮುಂದಿನದು ಮಾತ್ರ ಕೆಲಸಕ್ಕೆ ಬಂತು. ಪ್ರತಿ ಹಾಳೆಯನ್ನೂ ಚಾಚಾನ ಫಿಲ್ಟರಿನ ಕೆಳಗೆ ತಿರುಗಿಸಿ, ಅದರ ದಿಕ್ಕು ಗುರುತಿಸಿ, ಆ ದಿಕ್ಕು ಉದ್ದಕ್ಕೆ ಬರುವಂತೆ ಬೆರಳಿನ ಉಗುರಿನಗಲ ಕೂಡ ಇಲ್ಲದ ಪಟ್ಟಿಗಳನ್ನು ಕತ್ತರಿಸಿದೆ. ಯಾವ ವಾಚಿನಿಂದ ಎಷ್ಟು ಪಟ್ಟಿ ಬಂದವು ಎಂದು ಡೈರಿಯಲ್ಲಿ ಲೆಕ್ಕವಿದೆ. ಅದನ್ನು ಇಲ್ಲಿ ಬರೆದರೆ ಓದುವವರಿಗೆ ಬೇಸರ.

ಸಾಲಿನ ಗಾಜನ್ನು ಸ್ಕೇಲ್ ಇಟ್ಟು ನಾನೇ ಮಾಡಿದೆ. ಸಿಕ್ಕಿನ ಗಾಜನ್ನು ಅವ್ವನಿಗೆ ಕೊಟ್ಟೆ, ಮರುದಿನ ನನಗೆ ಪರೀಕ್ಷೆ ಇತ್ತು. ಅವ್ವ ಆ ವರ್ಷದ ಮುಂಗಾರಿನ ನಾಟಿ ಮುಗಿಸಿ ಮನೆಯಲ್ಲಿದ್ದಳು. ನಾಟಿಯ ದಿನಗಳಲ್ಲಿ ಮಸ್ಕಿಯಿಂದ ಹೆಣ್ಣಾಳುಗಳು ಟ್ರ್ಯಾಕ್ಟರಿನಲ್ಲಿ ಸಿಂಧನೂರಿನ ಕಡೆಯ ಕ್ಯಾಂಪುಗಳಿಗೆ, ಎಂದರೆ ಕಾಲುವೆ ನೀರು ನೋಡಿ ಹೊರಗಿನಿಂದ ಬಂದು ನೆಲೆಸಿದ ರೈತರ ಊರುಗಳಿಗೆ, ಹೋಗುತ್ತಿದ್ದರು. ಸಾಲಾಗಿ ಬಗ್ಗಿ, ಹಿಂದಕ್ಕೆ ಹಿಂದಕ್ಕೆ ಸರಿಯುತ್ತ, ಎಡಗೈಯ ಕಟ್ಟಿನಿಂದ ಸಸಿ ಬಿಡಿಸಿ ಬಲಗೈ ಹೆಬ್ಬೆರಳಿನಿಂದ ಕೆಸರಿಗೆ ಒತ್ತುವ ಕೆಲಸ. ತಂಡದ ಮುಖ್ಯಸ್ಥೆಗೆ ಮೇಸ್ತ್ರಿ ಎನ್ನುತ್ತಿದ್ದರು. ಸಸಿ ಅಡ್ಡಾದಿಡ್ಡಿ ಹಚ್ಚಿದವರನ್ನು ಆಕೆ ಮರುದಿನ ಟ್ರ್ಯಾಕ್ಟರ್ ಹತ್ತಿಸುತ್ತಿರಲಿಲ್ಲ.

"ಹೆಂಗ ಹಚ್ಚಲಿ?" ಅವ್ವ ಕೇಳಿದಳು.

"ಹೆಂಗ ಬೇಕಾದ್ರೂ ಹಚ್ಚಬೇ. ಒಂದರ ದಿಕ್ಕು ಇನ್ನೊಂದಕ್ಕ ಕೂಡಬಾರದು, ಅಷ್ಟ."

"ಇಷ್ಟ ಏನು? ಇದಕ್ಕ ಕಾಲೇಜು ಬ್ಯಾರೆ!"

ಮುಂದಿನ ಭಾನುವಾರ ನಮ್ಮ ಓಣಿಯ ಗೋದಾಮಿನಲ್ಲಿ ಎರಡೂ ಗಾಜುಗಳ ಹಿಂದೆ ಬಲ್ಬು ಹಚ್ಚಿ ನೋಡಿದೆ. ಸಾಲಿನದು ಅಂದುಕೊಂಡಂತೆ ಬೆಳಗಿ ಆರಿತು. ಸಿಕ್ಕಿನದೂ ಮಂಕಾಯಿತು! ಪೂರ್ತಿ ಆರಲಿಲ್ಲ, ಆದರೆ ಎದ್ದು ಕಾಣುವಷ್ಟು ಮಂಕು. ಬಲ್ಬು ಬದಲಿಸಿದೆ. ಫಿಲ್ಟರ್ ಒರೆಸಿದೆ. ಎಲ್ಲ ಹಾಗೆಯೇ. ಮೂರು ದಿನ ಡೈರಿಯಲ್ಲಿ "ತಿಳಿಯಲಿಲ್ಲ" ಎಂದೇ ಬರೆದಿದ್ದೇನೆ. ಆಮೇಲೆ ಗಾಜನ್ನೇ ಕಾಲು ಸುತ್ತು ತಿರುಗಿಸಿ ಇಟ್ಟೆ. ಮಂಕಾಗುವ ದಿಕ್ಕೂ ಕಾಲು ಸುತ್ತು ತಿರುಗಿತು. ಅಂದರೆ ತಪ್ಪು ಬಲ್ಬಿನದಲ್ಲ, ಫಿಲ್ಟರಿನದಲ್ಲ, ಗಾಜಿನ ಮೇಲೇ ಎಲ್ಲೋ ಸಾಲು ಇದೆ.

ಹತ್ತಿರ ಹೋಗಿ ಫಿಲ್ಟರನ್ನು ಗಾಜಿಗೇ ಮುಟ್ಟಿಸಿ ನೋಡಿದೆ. ಬರಿಗಣ್ಣಿಗೆ ಚೆಲ್ಲಾಪಿಲ್ಲಿಯಾಗಿ ಕಾಣುತ್ತಿದ್ದ ಪಟ್ಟಿಗಳು ಹೆಚ್ಚುಕಡಿಮೆ ಎಲ್ಲವೂ ಒಟ್ಟಿಗೆ ಕಪ್ಪಾದವು. ಎಲ್ಲ ಒಂದೇ ಕಡೆ, ತುಸು ಬಲಕ್ಕೆ ವಾಲಿದ್ದವು. ಗಾಳಿಗೆ ಬಾಗಿದ ಸಸಿಗಳ ಹಾಗೆ. ಅವ್ವನನ್ನು ಗೋದಾಮಿಗೆ ಕರೆತಂದೆ.

"ಯವ್ವಾ, ಇದನ್ನ ಸಾಲು ಹಚ್ಚೀಯಲ್ಲ!"

"ಎಲ್ಲಿ ಸಾಲು? ಬೇಕಂತ ಸೊಟ್ಟ ಸೊಟ್ಟ ಹಚ್ಚೀನಿ, ಕಣ್ಣು ಕಾಣಂಗಿಲ್ಲೇನು ನಿನಗ?"

ಫಿಲ್ಟರ್ ಕೈಗೆ ಕೊಟ್ಟೆ. ಅವ್ವ ಒಂದು ಕಣ್ಣು ಮುಚ್ಚಿ ತಿರುಗಿಸಿದಳು. "ಯಪ್ಪಾ, ಎಲ್ಲಾ ಒಮ್ಮಿಗೇ ಸತ್ತವು!" ಮತ್ತೆ ತಿರುಗಿಸಿದಳು, ಮತ್ತೆ ಬೆಳಗಿದವು. ಕೊನೆಗೆ ಹೆಬ್ಬೆರಳನ್ನು ಗಾಳಿಯಲ್ಲಿ ಒತ್ತಿ ನೋಡಿಕೊಂಡು ಸಿಟ್ಟಿಗೆದ್ದಳು. "ಇಷ್ಟು ವರ್ಷ ನೆಲ್ಲು ಹಚ್ಚಿದ ಕೈ ಇದು. ಇನ್ನ ಹೆಂಗ ಹೋಗಬೇಕು ಅಂತಿ?"

ನನಗೆ ನಗು ಬಂತು, ಮೈ ಜುಮ್ಮೆಂದಿತು ಕೂಡ. ಸೊಟ್ಟ ಹಚ್ಚಿದೆ ಎಂದು ಹಚ್ಚಿದವಳೇ ಆಣೆ ಮಾಡುತ್ತಿದ್ದಳು. ಬೆಳಕು ಮಾತ್ರ ಬೇರೆ ಹೇಳುತ್ತಿತ್ತು. ಪತ್ರಿಕೆಯಲ್ಲಿ ಓದಿದ್ದನ್ನು ನಾನು ನಿಜಕ್ಕೂ ನಂಬಿದ್ದು ಆ ಗೋದಾಮಿನಲ್ಲಿ.

ಸಿಕ್ಕಿನ ಗಾಜನ್ನು ಬೇರೆಯದಾಗಿ ಮಾಡಬೇಕಾಯಿತು. ಗಾಜಿಗೆ ಗೋಂದು ಬಳಿದು ನೆಲದ ಮೇಲಿಟ್ಟು, ನಿಂತುಕೊಂಡು ಪಟ್ಟಿಗಳನ್ನು ಮುಷ್ಟಿಯಿಂದ ಚೆಲ್ಲಿದೆ. "ಹಿಂಗ ಚೆಲ್ಲಿದ್ರ ಮೇಸ್ತ್ರಿ ಟ್ರ್ಯಾಕ್ಟರಿನಿಂದ ಇಳಸ್ತಾಳ" ಎಂದು ಅವ್ವ ಗೊಣಗಿದಳು. ಆ ಗಾಜು ಹೇಗೆ ತಿರುಗಿಸಿದರೂ ಮಂಕಾಗಲಿಲ್ಲ. ಆದರೆ ಅವ್ವನ ಗಾಜನ್ನು ನಾನು ಬಿಸಾಕಲಿಲ್ಲ. ಅದು ಮೂರನೆಯದಾಯಿತು.

ಗೋಷ್ಠಿಯ ದಿನ ವರಾಂಡದ ಜಾಲರಿಗಳಿಗೆ ಗೋಣಿಚೀಲ ಕಟ್ಟಿ ಕತ್ತಲೆ ಮಾಡಿದೆವು. ತೀರ್ಪುಗಾರರು ರಾಯಚೂರಿನಿಂದ ಬಂದಿದ್ದ ನಿವೃತ್ತ ಪ್ರಾಧ್ಯಾಪಕರು. ಆ ತುದಿಯಲ್ಲಿ ಮೂರು ಚುಕ್ಕಿ. ಯಾವುದು ಯಾವುದೆಂದು ನಾನು ಹೇಳಲಿಲ್ಲ. ಫಿಲ್ಟರನ್ನು ಅವರ ಕೈಗೆ ಕೊಟ್ಟು, "ನೀವ ಹೇಳ್ರಿ ಸರ್" ಎಂದೆ.

ಅವರು ತಿರುಗಿಸಿದರು. "ಒಂದನೇದು ಪೂರಾ ಆರಿಹೋತು. ಸಾಲು. ಎರಡನೇದು ಅಳ್ಳಾಡವಲ್ದು. ಸಿಕ್ಕು." ಮೂರನೆಯದರ ಮುಂದೆ ನಿಂತರು. "ಇದು ಅರ್ಧ ಆರತೈತಿ, ಪೂರಾ ಆರವಲ್ದು. ಏನವ್ವ ಇದು?"

"ಸಿಕ್ಕು ಮಾಡಬೇಕಂತ ಕುಂತು ಸಾಲು ಮಾಡಿದ್ದುರಿ."

"ಯಾರು?"

"ನಮ್ಮವ್ವರಿ. ನಾಟಿ ಹಚ್ಚಾಕಿ."

ಹಿಂದೆ ನಿಂತ ಹುಡುಗರು ಗೊಳ್ಳೆಂದರು. ಪ್ರಾಧ್ಯಾಪಕರು ನಗಲಿಲ್ಲ. ಮತ್ತೊಮ್ಮೆ ತಿರುಗಿಸಿ ನೋಡಿ, "ಹಂಗಾದ್ರ ನಿನ್ನ ಆ ಸ್ಫೋಟದ ಬೆಳಕು ಈ ಮೂರರಾಗ ಯಾವುದಕ್ಕ ಹತ್ರ?" ಎಂದು ಕೇಳಿದರು.

"ಎರಡನೇದಕ್ಕರಿ. ಆದ್ರ ಪೂರಾ ಸಿಕ್ಕಲ್ರಿ, ಚೂರು ವಾಲೇತಿ. ಇಲ್ಲಾ ಅಂದ್ರ ಒಳಗ ಬಹಳ ತುಂಡು ಇರಬೇಕ್ರಿ. ಒಂದೊಂದು ತುಂಡಿನ್ಯಾಗ ಸಾಲು ಐತಿ, ಎಲ್ಲಾ ಕೂಡಿಸಿ ನೋಡಿದ್ರ ಒಂದನ್ನೊಂದು ಕಳದು ಹೋಗ್ತಾವ. ಯಾವುದು ಖರೇ ಅಂತ ಇನ್ನಾ ಯಾರಿಗೂ ಗೊತ್ತಿಲ್ರಿ."

"ಗೊತ್ತಾದ ಮ್ಯಾಲೆ ನನಗೂ ಒಂದು ಕಾರ್ಡ್ ಬರಿ" ಎಂದು ಫಿಲ್ಟರ್ ವಾಪಸ್ ಕೊಟ್ಟರು.

ಒಂದನೆಯ ಸ್ಥಾನ ನನಗೆ ಬಂತು.

ಮರುದಿನ ಅಧ್ಯಾಪಕರು ತಮ್ಮ ಕೋಣೆಗೆ ಕರೆದರು. ಮೇಜಿನ ಮೇಲೆ ಶಿಬಿರಕ್ಕೆ ಕಳಿಸುವ ಹಾಳೆ ಇತ್ತು, ಕೆಳಗೆ ನನ್ನ ಸಹಿಗೆ ಜಾಗ ಬಿಟ್ಟಿತ್ತು. "ನಿನ್ನ ಹೆಸರ ಕಳಸ್ತೀನಿ. ಆದ್ರ ತಲೆಬರಹ ಬದಲಿ ಮಾಡೀನಿ. 'ಧ್ರುವೀಕರಣದ ಒಂದು ಸರಳ ಪ್ರಯೋಗ'. ಒಳಗಿಂದ ಗಾಮಾ ಗೀಮಾ ಎಲ್ಲಾ ತಗದು ಬಿಡು. ನಿಮ್ಮವ್ವನ ನಾಟಿ ಸುದ್ದಿನೂ ಬ್ಯಾಡ. ಅಲ್ಲಿ ದೊಡ್ಡ ದೊಡ್ಡ ಮಂದಿ ಓದ್ತಾರ. ನಗ್ತಾರ."

"ನಿನ್ನೆ ಬಂದವ್ರು ನಗಲಿಲ್ಲಲ್ರಿ."

"ಅವರು ವಯಸ್ಸಾದವರು, ಸಮಾಧಾನದವರು. ನಾ ನಿನ್ನ ಒಳ್ಳೇದಕ್ಕ ಹೇಳಾಕತ್ತೀನಿ. ಸೀಟು ಬೇಕೋ ಬ್ಯಾಡೋ?"

"ಬೇಕ್ರಿ."

"ಮತ್ತ?"

"ಯೋಚನೆ ಮಾಡಿ ಹೇಳತೀನ್ರಿ" ಎಂದು ಹೊರಗೆ ಬಂದೆ. ಅಂದು ಮಸ್ಕಿಯ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಸಹಿ ಹಾಕಿಬಿಡೋಣ ಎಂದು ಅಂದುಕೊಂಡದ್ದು ನಿಜ. ತಲೆಬರಹ ಎಂದರೆ ಎಷ್ಟು, ನಾಲ್ಕು ಪದ. ಅದಕ್ಕೆ ಬದಲಾಗಿ ಒಂದು ದೂರದರ್ಶಕ. ಆದರೆ ಆ ಹೊಸ ನಾಲ್ಕು ಪದಗಳಲ್ಲಿ ನಾನು ಎಲ್ಲಿದ್ದೆ? ಸರಳ ಪ್ರಯೋಗವನ್ನು ಪಠ್ಯಪುಸ್ತಕ ನೋಡಿ ಯಾರು ಬೇಕಾದರೂ ಮಾಡುತ್ತಾರೆ. ನಾನು ಕೇಳಿದ್ದು ಬೇರೆ. ಕೇಳಿದ್ದನ್ನೇ ಅಳಿಸಿ, ಕೇಳಿದವಳನ್ನು ಮಾತ್ರ ಕಳಿಸುತ್ತೇನೆ ಎನ್ನುತ್ತಿದ್ದರು.

ಬೆಳಿಗ್ಗೆ ಕಾಲೇಜಿಗೆ ಬಂದರೆ ಸೂಚನಾ ಫಲಕದ ಕರಿಹಲಗೆಯ ಮೇಲೆ ಗೋಷ್ಠಿಯ ಫಲಿತಾಂಶ ಬರೆದಾಗಿತ್ತು. ಒಂದನೆಯ ಸ್ಥಾನದ ಮುಂದೆ ನನ್ನ ಹೆಸರು. ಅದರ ಮುಂದೆ, ನಾನು ಹೂಂ ಅನ್ನುವ ಮೊದಲೇ, ಆ ಸರಳ ಪ್ರಯೋಗ.

ತರಗತಿಯಿಂದ ಸೀಮೆಸುಣ್ಣ ತಂದೆ. ಆ ತಲೆಬರಹವನ್ನು ಅಂಗೈಯಿಂದ ಒರೆಸಿ, ದಪ್ಪ ಅಕ್ಷರದಲ್ಲಿ ಬರೆದೆ: "ಗಾಮಾ ಕಿರಣ ಸ್ಫೋಟದ ಜೆಟ್ಟಿನೊಳಗೆ ಕಾಂತಕ್ಷೇತ್ರ ಸಾಲೋ ಸಿಕ್ಕೋ: ಧ್ರುವೀಕೃತ ಬೆಳಕಿನ ಮಾತು." ಜಾಗ ಸಾಲದೆ ಎರಡನೆಯ ಸ್ಥಾನದ ಸಾಲಿನ ತನಕ ಇಳಿಯಿತು. ಕೆಳಗೆ ಇನ್ನೊಂದು ಸಾಲು ಸೇರಿಸಿದೆ: "ಮೂರನೆಯ ಗಾಜು ಮಾಡಿದವರು ನನ್ನ ಅವ್ವ."

ಹತ್ತು ಗಂಟೆಗೆ ಅಧ್ಯಾಪಕರು ಬಂದರು. ಫಲಕದ ಮುಂದೆ ಹುಡುಗರು ಸೇರಿದ್ದರು. "ಯಾರು ಬರದದ್ದು ಇದು?"

"ನಾನ್ರಿ ಸರ್."

"ಅಳಸು."

"ಅಳಸಂಗಿಲ್ರಿ."

"ಏನಂದಿ?"

"ನಾ ಮಾಡಿದ್ದ ಇದರಿ. ಅದು ನೀವು ಬರದದ್ದುರಿ."

ಅಧ್ಯಾಪಕರು ಡಸ್ಟರ್ ತೆಗೆದುಕೊಳ್ಳುತ್ತಾರೆ ಎಂದು ಕಾದೆ. ತೆಗೆದುಕೊಂಡರೆ ಮತ್ತೆ ಬರೆಯಲು ಸೀಮೆಸುಣ್ಣ ಕೈಯಲ್ಲೇ ಇತ್ತು. ಅವರು ಫಲಕವನ್ನು ಪೂರ್ತಿ ಓದಿದರು, ಕೊನೆಯ ಸಾಲನ್ನೂ ಓದಿದರು. "ಹಂಗಾದ್ರ ಸೀಟಿನ ಆಸೆ ಬಿಡು" ಎಂದು ತಮ್ಮ ಕೋಣೆಗೆ ನಡೆದರು. ಅಳಿಸಲಿಲ್ಲ. ಜವಾನನಿಗೂ ಅಳಿಸು ಎಂದು ಹೇಳಲಿಲ್ಲ ಎಂದು ಆಮೇಲೆ ತಿಳಿಯಿತು.

ಸೀಟು ಸವಳಿನ ಪ್ರಯೋಗ ಮಾಡಿದ ಗೆಳತಿಗೆ ಹೋಯಿತು. ಆಕೆ ಎರಡನೆಯ ಸ್ಥಾನದಲ್ಲಿದ್ದಳು, ಆಕೆಯ ಅಳತೆಗಳು ಸರಿಯಾಗಿದ್ದವು, ಆ ಬಗ್ಗೆ ನನ್ನದೇನೂ ತಕರಾರಿಲ್ಲ. ಸುದ್ದಿ ಹೇಳಿದಾಗ ಅವ್ವ ರೊಟ್ಟಿ ಬಡಿಯುತ್ತಿದ್ದಳು.

"ನನ್ನ ಹೆಸರು ತಗದಿದ್ರ ಕೊಡತಿದ್ರೇನು?"

"ನಿಂದು, ಆ ಸ್ಫೋಟದ್ದು, ಎರಡೂ ತಗೀಬೇಕಿತ್ತು."

ಅವ್ವ ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿದಳು. "ನನ್ನದ ಬೇಕಾದ್ರ ತಗಿಬೇಕಿತ್ತಲೇ, ಹುಚ್ಚಿ."

"ತಗಿಯಂಗಿಲ್ಲ."

"ಮತ್ತ ಈಗ ಏನ್ ಮಾಡಾಕಿ?"

"ಬರೋ ವರ್ಷ ಎಂ.ಎಸ್ಸಿ.ಗೆ ಅರ್ಜಿ ಹಾಕತೀನಿ. ಅದಕ್ಕ ಇವರ ಸಹಿ ಬೇಕಾಗಿಲ್ಲ, ಮಾರ್ಕ್ಸ್ ಸಾಕು. ಅಲ್ಲೂ ಇದನ್ನ ಕೇಳತೀನಿ."

"ಅಲ್ಲೂ ಬ್ಯಾಡ ಅಂದ್ರ?"

"ಅಲ್ಲೂ ಕರಿಹಲಗಿ ಇರತಾವಲ್ಲ."

ಅವ್ವ ಬಿಸಿ ರೊಟ್ಟಿಯನ್ನು ತಾಟಿಗೆ ಹಾಕಿ ನನ್ನ ಕಡೆ ಸರಿಸಿ, ಇನ್ನೊಂದು ಉಂಡೆಗೆ ಕೈ ಹಾಕಿದಳು.